ಹಳೆಯ ಫಾಕ್ಸ್‌ಪ್ರೊ: ರಿಪೇರಿಯೋ, ವಲಸೆಯೋ?

ಇಂದಿಗೂ ಕೆಲವು ಶಾಲೆಗಳ ಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ, ಸಗಟು ವ್ಯಾಪಾರದ ಅಂಗಡಿಗಳಲ್ಲಿ ಮೂಲೆಯ ಮೇಜಿನ ಮೇಲೊಂದು ಹಳೆಯ ಕಂಪ್ಯೂಟರ್ ಕಾಣಸಿಗುತ್ತದೆ. ಅದರ ಪರದೆಯಲ್ಲಿ ಚಿತ್ರಗಳಿಲ್ಲ, ಬಣ್ಣದ ಗುಂಡಿಗಳಿಲ್ಲ. ನೀಲಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳ ಒಂದು ಪಟ್ಟಿ, ಅಷ್ಟೆ. ಆದರೆ ಗುಮಾಸ್ತರು ಎರಡು ಕೀಲಿಗಳನ್ನು ಒತ್ತಿದರೆ ಸಾಕು, 1996ರಲ್ಲಿ ಹತ್ತನೇ ತರಗತಿ ಮುಗಿಸಿ ಹೋದ ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಅಂಕಗಳು ಕ್ಷಣದಲ್ಲಿ ಕಣ್ಣೆದುರಿಗೆ ಬರುತ್ತವೆ. ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಯಾರೋ ಬರೆದುಕೊಟ್ಟ ಪ್ರೋಗ್ರಾಮು ಅದು. ಬರೆದವರು ಈಗ ಯಾವ ಊರಿನಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

ಇಂಥ ಪ್ರೋಗ್ರಾಮುಗಳಿಗೆ ಈಗ ಸಂಕಟದ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ಯಂತ್ರ ಕೊಂಡರೆ ಅದರಲ್ಲಿ ವಿಂಡೋಸ್ 11 ಇರುತ್ತದೆ. ಇದು 64 ಬಿಟ್‌ನ ವ್ಯವಸ್ಥೆ ಮಾತ್ರ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಹಳೆಯದನ್ನು ನಕಲು ಮಾಡಿ ತೆರೆಯಲು ಹೋದರೆ ‘ಇದು ಈ ಯಂತ್ರದಲ್ಲಿ ನಡೆಯದು’ ಎಂಬ ಉತ್ತರ ಬರುತ್ತದೆ. ಆಗ ಮನೆಯಲ್ಲೋ ನೆಂಟರಲ್ಲೋ ಕಂಪ್ಯೂಟರ್ ಓದುತ್ತಿರುವ ಹುಡುಗ ಅಥವಾ ಹುಡುಗಿಗೆ ಕರೆ ಹೋಗುತ್ತದೆ: ‘ನೀನು ಇದನ್ನೇ ಓದ್ತಿದೀಯಲ್ಲ, ಸ್ವಲ್ಪ ಸರಿಮಾಡಿಕೊಡಪ್ಪ.’

ಸರಿಮಾಡುವುದು ಎಂದರೇನು? ಇದ್ದ ಪ್ರೋಗ್ರಾಮನ್ನೇ ಹೊಸ ಆವೃತ್ತಿಗೆ ಏರಿಸುವುದೇ? ಎಲ್ಲವನ್ನೂ ಬೇರೊಂದು ತಂತ್ರಾಂಶಕ್ಕೆ ಸಾಗಿಸುವುದೇ? ಅಥವಾ ಏನೂ ಮಾಡದೆ ಸುಮ್ಮನಿರುವುದೇ? ಈ ಪ್ರಶ್ನೆಯನ್ನು ಈ ವಾರ ನೋಡೋಣ.

ನರಿಯ ಪೂರ್ವಕಥೆ

ಮೊದಲು ಸ್ವಲ್ಪ ಇತಿಹಾಸ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡುತ್ತಿದ್ದ ವೇಯ್ನ್ ರಾಟ್‌ಲಿಫ್, ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಊಹಿಸುವ ಪಂಥದಲ್ಲಿ ಗೆಲ್ಲಲು ಮಾಹಿತಿ ಜೋಡಿಸುವ ಒಂದು ಪ್ರೋಗ್ರಾಮು ಬರೆದರು. ಅದಕ್ಕೆ ‘ವಲ್ಕನ್’ ಎಂದು ಹೆಸರಿಟ್ಟರು. ಆಶ್ಟನ್-ಟೇಟ್ ಕಂಪನಿ ಅದನ್ನು ‘ಡಿಬೇಸ್ 2’ ಎಂಬ ಹೆಸರಿನಲ್ಲಿ ಮಾರಿತು. ಮೊದಲನೆಯ ಡಿಬೇಸ್ ಎಂಬುದು ಇರಲೇ ಇಲ್ಲ; ಎರಡು ಎಂದರೆ ಕೊಳ್ಳುವವರಿಗೆ ಪಳಗಿದ ಸರಕು ಎನ್ನಿಸುತ್ತದಲ್ಲವೆ!

ಅದೇ ಭಾಷೆಯನ್ನು ಇನ್ನಷ್ಟು ವೇಗವಾಗಿ ನಡೆಸುವ ತಂತ್ರಾಂಶವನ್ನು ಓಹಯೋ ರಾಜ್ಯದ ಫಾಕ್ಸ್ ಸಾಫ್ಟ್‌ವೇರ್ ಸಿದ್ಧಪಡಿಸಿತು. ಅದೇ ಫಾಕ್ಸ್‌ಬೇಸ್, ಮುಂದೆ ಫಾಕ್ಸ್‌ಪ್ರೊ. 1992ರಲ್ಲಿ ಮೈಕ್ರೋಸಾಫ್ಟ್ ಈ ಕಂಪನಿಯನ್ನು ಕೊಂಡಿತು. ಅದೇ ವರ್ಷ ತನ್ನದೇ ಆದ ‘ಆಕ್ಸೆಸ್’ ಅನ್ನೂ ಹೊರತಂದಿತು. 1995ರಲ್ಲಿ ವಿಷುವಲ್ ಫಾಕ್ಸ್‌ಪ್ರೊ ಬಂತು. 2004ರಲ್ಲಿ ಬಂದ ಒಂಬತ್ತನೇ ಆವೃತ್ತಿಯೇ ಕೊನೆಯದು. ಮುಂದಿನ ಆವೃತ್ತಿ ಇಲ್ಲವೆಂದು 2007ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತಿಳಿಸಿತು. 2015ರ ಜನವರಿ 13ಕ್ಕೆ ಬೆಂಬಲವೂ ನಿಂತಿತು.

ನಮ್ಮೂರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಡಿಬೇಸ್, ಫಾಕ್ಸ್‌ಪ್ರೊ ಕಲಿತವರು ಈಗಿನ ವಿದ್ಯಾರ್ಥಿಗಳ ತಂದೆತಾಯಿಯರ ವಯಸ್ಸಿನವರು. ಹಾಗೆ ಕಲಿತವರು ಬರೆದ ಪ್ರೋಗ್ರಾಮುಗಳೇ ಇಂದು ಹಳೆಯ ಯಂತ್ರಗಳಲ್ಲಿ ಉಳಿದಿರುವುದು.

ಬೀರು ಬೇರೆ, ಪತ್ರಗಳು ಬೇರೆ

ನಿರ್ಧಾರಕ್ಕೆ ಮುನ್ನ ಒಂದು ವಿಷಯ ಸ್ಪಷ್ಟವಾಗಿರಬೇಕು. ಪ್ರೋಗ್ರಾಮು ಎಂಬುದು ಬೀರು. ಅದರೊಳಗಿನ ದಾಖಲೆ ಮನೆಯ ಪತ್ರಗಳಿದ್ದ ಹಾಗೆ. ಬೀರುವಿನ ಬಾಗಿಲು ಕಿತ್ತುಹೋದರೆ ಹೊಸ ಬೀರು ತರಬಹುದು. ಪತ್ರ ಕಳೆದರೆ ತರುವುದೆಲ್ಲಿಂದ?

ಫಾಕ್ಸ್‌ಪ್ರೊದಲ್ಲಿ ಈ ಎರಡೂ ಬೇರೆ ಬೇರೆ ಫೈಲುಗಳಲ್ಲಿ ಇರುವುದು ನಮ್ಮ ಅದೃಷ್ಟ. ದಾಖಲೆಗಳು ‘ಡಿಬಿಎಫ್’ ಎಂದು ಕೊನೆಗೊಳ್ಳುವ ಫೈಲುಗಳಲ್ಲಿರುತ್ತವೆ. ಉದ್ದನೆಯ ಟಿಪ್ಪಣಿಗಳಿದ್ದರೆ ಅವು ‘ಎಫ್‌ಪಿಟಿ’ ಎಂಬ ಜೊತೆ ಫೈಲಿನಲ್ಲಿ, ಡಿಬೇಸ್‌ನಲ್ಲಾದರೆ ‘ಡಿಬಿಟಿ’ಯಲ್ಲಿ. ಹುಡುಕಲು ನೆರವಾಗುವ ಸೂಚಿಗಳು ‘ಸಿಡಿಎಕ್ಸ್’, ‘ಐಡಿಎಕ್ಸ್’ ಫೈಲುಗಳಲ್ಲಿ. ಇವು ಕಳೆದರೂ ಮತ್ತೆ ತಯಾರಿಸಿಕೊಳ್ಳಬಹುದು. ಪ್ರೋಗ್ರಾಮಿನ ಮೂಲ ಬರಹ ‘ಪಿಆರ್‌ಜಿ’ ಫೈಲುಗಳಲ್ಲಿ. ಅದನ್ನು ಯಂತ್ರಕ್ಕೆ ಒಗ್ಗಿಸಿದ ರೂಪ ‘ಎಫ್‌ಎಕ್ಸ್‌ಪಿ’ ಅಥವಾ ‘ಇಎಕ್ಸ್‌ಇ’.

ಡಿಬಿಎಫ್ ಬಲು ಸರಳ ಮಾದರಿ. ಮೊದಲು ಯಾವ ಯಾವ ಕಾಲಂ ಇವೆ, ಎಷ್ಟೆಷ್ಟು ಅಗಲ ಎಂಬ ವಿವರ. ಅನಂತರ ಒಂದರ ಹಿಂದೊಂದು ಸಾಲುಗಳು. ಹೀಗಾಗಿ ಪ್ರೋಗ್ರಾಮು ನಡೆಯದಿದ್ದರೂ ಡಿಬಿಎಫ್ ಓದಲು ಅಡ್ಡಿಯಿಲ್ಲ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲೂ ಅದು ತೆರೆಯುತ್ತದೆ. ‘ಪ್ರೋಗ್ರಾಮು ಹೋಯಿತು, ಎಲ್ಲಾ ಹೋಯಿತು’ ಎಂದು ತಲೆಯ ಮೇಲೆ ಕೈ ಹೊತ್ತು ಕೂರುವ ಮೊದಲು ಈ ಫೈಲುಗಳನ್ನು ಹುಡುಕಿ, ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಒಂದು ನಕಲು ಆ ಕಟ್ಟಡದ ಹೊರಗೆ ಇರಲಿ.

ಕೇಳಬೇಕಾದ ನಾಲ್ಕು ಪ್ರಶ್ನೆ

ಒಂದು: ಯಂತ್ರದ ತೊಂದರೆಯೋ, ಪ್ರೋಗ್ರಾಮಿನ ತೊಂದರೆಯೋ? ಡಾಸ್ ಪ್ರೋಗ್ರಾಮನ್ನು ಡಾಸ್‌ಬಾಕ್ಸ್‌ನಂಥ ಅನುಕರಣ ತಂತ್ರಾಂಶದೊಳಗೆ ಹೊಸ ಯಂತ್ರದಲ್ಲೂ ನಡೆಸಬಹುದು. ವಿಷುವಲ್ ಫಾಕ್ಸ್‌ಪ್ರೊದಲ್ಲಿ ಬರೆದದ್ದಾದರೆ ಅದು 32 ಬಿಟ್‌ನದು. ವಿಂಡೋಸ್ 11ರಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಯಂತ್ರ ಹಳತಾದ ಮಾತ್ರಕ್ಕೆ ಎಲ್ಲವನ್ನೂ ಹೊಸದಾಗಿ ಬರೆಯಲು ಹೊರಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಎರಡು: ಮೂಲ ಬರಹ ಇದೆಯೇ, ಅದನ್ನು ಬಲ್ಲವರಿದ್ದಾರೆಯೇ? ಪಿಆರ್‌ಜಿ ಫೈಲುಗಳಿದ್ದರೆ ತಿದ್ದುಪಡಿ ಸಾಧ್ಯ. ಇಎಕ್ಸ್‌ಇ ಮಾತ್ರ ಉಳಿದಿದ್ದರೆ ಇಂದು ನಡೆಯುತ್ತಿರುವ ಪ್ರೋಗ್ರಾಮು ನಾಳೆ ಒಂದು ಸಣ್ಣ ಬದಲಾವಣೆ ಬೇಕಾದಾಗ ಕೈಕೊಡುತ್ತದೆ.

ಮೂರು: ಅಗತ್ಯ ಬದಲಾಗಿದೆಯೇ? ಕರ್ನಾಟಕದಲ್ಲಿ 2005ರಲ್ಲಿ ವ್ಯಾಟ್ ಬಂದಾಗ ವ್ಯಾಪಾರಿಗೆ ಸಿಕ್ಕ ಟಿನ್ ಸಂಖ್ಯೆಯಲ್ಲಿ 11 ಅಂಕಿಗಳಿದ್ದವು. ಆ ಅಳತೆಗೇ ಪ್ರೋಗ್ರಾಮಿನಲ್ಲಿ ಜಾಗ ಬಿಟ್ಟವರಿದ್ದರು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದರ ನೋಂದಣಿ ಸಂಖ್ಯೆಗೆ 15 ಅಕ್ಷರ ಬೇಕು. ತೆರಿಗೆಯೂ ಕೇಂದ್ರಕ್ಕೊಂದು ಪಾಲು, ರಾಜ್ಯಕ್ಕೊಂದು ಪಾಲು ಎಂದು ಒಡೆಯಿತು. ಬಿಲ್ಲಿನ ಅರ್ಧ ಲೆಕ್ಕವೇ ಬೇರೆಯಾದಾಗ ಹಳೆಯದಕ್ಕೆ ತೇಪೆ ಹಾಕುತ್ತ ಹೋಗುವುದಕ್ಕಿಂತ ಸಿದ್ಧ ಲೆಕ್ಕಪತ್ರ ತಂತ್ರಾಂಶಕ್ಕೆ ಹೋಗುವುದು ಲೇಸು. ಆದರೆ ಶಾಲೆಯ ವರ್ಗಾವಣೆ ಪತ್ರದ ವಿವರದಲ್ಲಿ ಅಂಥ ಬದಲಾವಣೆ ಏನೂ ಆಗಿಲ್ಲದಿರಬಹುದು.

ನಾಲ್ಕು: ಎಷ್ಟು ಜನ, ಎಷ್ಟು ದಾಖಲೆ? ಒಂದು ಡಿಬಿಎಫ್ ಫೈಲು 2 ಗಿಗಾಬೈಟ್ ಮೀರುವಂತಿಲ್ಲ. ಆಕ್ಸೆಸ್‌ನ ಮಿತಿಯೂ 2 ಗಿಗಾಬೈಟ್. ಸಾವಿರ ಮಕ್ಕಳ ಶಾಲೆಗೆ ಈ ಮಿತಿ ತೊಡಕಾಗುವುದು ಅಪರೂಪ. ತೊಡಕಾಗುವುದು ನಾಲ್ಕಾರು ಯಂತ್ರಗಳಿಂದ ಒಂದೇ ಫೈಲನ್ನು ತೆರೆದು ಬರೆಯುವಾಗ. ಬರೆಯುತ್ತಿದ್ದ ಹೊತ್ತಿಗೆ ಕರೆಂಟು ಹೋದರೆ ಸೂಚಿ ಕೆಡುತ್ತದೆ, ಕೆಲವೊಮ್ಮೆ ಫೈಲೇ ಕೆಡುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಂಥ ಸರ್ವರ್ ಮಾದರಿಯ ದತ್ತಸಂಚಯಗಳು ಒಂದು ವ್ಯವಹಾರ ಪೂರ್ತಿ ಆಗಬೇಕು ಇಲ್ಲವೇ ಆಗಲೇಬಾರದು ಎಂಬ ನಿಯಮ ಪಾಲಿಸುವುದರಿಂದ ಅಲ್ಲಿ ಈ ಭಯ ಬಹಳ ಕಡಿಮೆ.

ಇರುವ ದಾರಿಗಳು

ಮೊದಲನೆಯದು, ಇದ್ದ ಹಾಗೆ ಇರಿಸುವುದು. ಹೊಸ ದಾಖಲೆ ಸೇರುವುದು ನಿಂತಿದೆ, ಹಳೆಯದನ್ನು ಆಗಾಗ ನೋಡಿದರೆ ಸಾಕು ಎಂಬಲ್ಲಿ ಇದೇ ಉತ್ತಮ. ಈಗ ಕರ್ನಾಟಕದ ಶಾಲಾ ಮಕ್ಕಳ ವಿವರ ಇಲಾಖೆಯ ಸ್ಯಾಟ್ಸ್ ವ್ಯವಸ್ಥೆಯಲ್ಲಿ ದಾಖಲಾಗುತ್ತಿದೆ. ಅದಕ್ಕೆ ಮುಂಚಿನ ವರ್ಷಗಳದ್ದು ಮಾತ್ರ ಹಳೆಯ ಪ್ರೋಗ್ರಾಮಿನಲ್ಲಿದ್ದರೆ, ಅದನ್ನು ಸರಳ ಪಠ್ಯದ ‘ಸಿಎಸ್‌ವಿ’ ರೂಪದಲ್ಲೂ ತೆಗೆದಿಟ್ಟು, ಮೂಲ ಫೈಲುಗಳನ್ನೂ ಜೋಪಾನ ಮಾಡಿ, ಮುಖ್ಯವಾದದ್ದನ್ನು ಅಚ್ಚು ಹಾಕಿಸಿಟ್ಟರೆ ಸಾಕು.

ಎರಡನೆಯದು, ಅದೇ ವಂಶದ ಹೊಸ ಆವೃತ್ತಿಗೆ ಏರುವುದು. ಡಾಸ್‌ನ ಫಾಕ್ಸ್‌ಪ್ರೊದಿಂದ ವಿಷುವಲ್ ಫಾಕ್ಸ್‌ಪ್ರೊಗೆ ಬಂದರೆ ಲೆಕ್ಕದ ಭಾಗ ಹೆಚ್ಚಿನಂಶ ಹಾಗೆಯೇ ನಡೆಯುತ್ತದೆ, ಪರದೆಗಳನ್ನು ಮಾತ್ರ ಹೊಸದಾಗಿ ಮಾಡಬೇಕು. ಆದರೆ ಆ ಬಸ್ಸು ಕೊನೆಯ ನಿಲ್ದಾಣ ತಲುಪಿ ಆಗಿದೆ. ಇನ್ನೈದು ವರ್ಷಕ್ಕೆ ಮತ್ತೆ ಇದೇ ಪ್ರಶ್ನೆ ಎದ್ದು ನಿಲ್ಲುತ್ತದೆ. ಆಕ್ಸೆಸ್‌ನ ಸ್ಥಿತಿ ಬೇರೆ. ಅದು ಇನ್ನೂ ಚಾಲ್ತಿಯಲ್ಲಿದೆ. ಆದರೆ ತಲೆಮಾರು ಹಾರಿದರೆ ಅಲ್ಲೂ ಕಷ್ಟವೇ. ಆಕ್ಸೆಸ್ 97ರ ಫೈಲನ್ನು ಆಕ್ಸೆಸ್ 2013 ಅಥವಾ ಅನಂತರದ ಆವೃತ್ತಿಗಳು ತೆರೆಯುವುದಿಲ್ಲ. ನಡುವಿನ 2003 ಅಥವಾ 2007ರಂಥ ಆವೃತ್ತಿಯಲ್ಲಿ ಒಮ್ಮೆ ಪರಿವರ್ತಿಸಿ ಮುಂದಕ್ಕೆ ಒಯ್ಯಬೇಕು.

ಮೂರನೆಯದು, ಪೂರ್ತಿ ವಲಸೆ. ಒಬ್ಬರೇ ಬಳಸುವುದಾದರೆ ಎಸ್‌ಕ್ಯೂಲೈಟ್ ಸಾಕು. 2000ದಲ್ಲಿ ರಿಚರ್ಡ್ ಹಿಪ್ ಹೊರತಂದ ಇದಕ್ಕೆ ಹಣ ಕೊಡಬೇಕಿಲ್ಲ. ಪ್ರತಿ ಆಂಡ್ರಾಯ್ಡ್ ಫೋನಿನೊಳಗೂ ಇದೇ ಇದೆ. 2050ರವರೆಗೆ ಇದನ್ನು ನೋಡಿಕೊಳ್ಳುವ ಉದ್ದೇಶವಿದೆ ಎಂದು ರಚನೆಕಾರರು ಹೇಳಿದ್ದಾರೆ. ಹಲವರು ಬಳಸುವುದಾದರೆ ಮೇಲೆ ಹೇಳಿದ ಸರ್ವರ್ ಮಾದರಿ.

ಇವುಗಳ ನಡುವೆ ಒಂದು ಮಧ್ಯದ ದಾರಿಯೂ ಉಂಟು. ಆಕ್ಸೆಸ್‌ನಲ್ಲಾಗಲಿ ವಿಷುವಲ್ ಫಾಕ್ಸ್‌ಪ್ರೊದಲ್ಲಾಗಲಿ, ಕಣ್ಣಿಗೆ ರೂಢಿಯಾದ ಪರದೆಗಳನ್ನು ಉಳಿಸಿಕೊಂಡು ದಾಖಲೆಗಳನ್ನು ಮಾತ್ರ ಸರ್ವರಿಗೆ ಸಾಗಿಸಿ, ಓಡಿಬಿಸಿ ಎಂಬ ಸೇತುವೆಯ ಮೂಲಕ ಜೋಡಿಸಬಹುದು. ಪತ್ರಗಳು ಮೊದಲು ಭದ್ರವಾದ ಜಾಗಕ್ಕೆ ಸೇರುತ್ತವೆ, ಬೀರುವನ್ನು ನಿಧಾನವಾಗಿ ಬದಲಿಸಬಹುದು. ಆದರೆ ಇದಕ್ಕೂ ಪ್ರೋಗ್ರಾಮನ್ನು ಒಂದಿಷ್ಟು ತಿದ್ದಬೇಕಾಗುತ್ತದೆ.

ದಾರಿಯಲ್ಲಿ ಉದುರುವುವು

ಮನೆ ಬದಲಿಸುವಾಗ ಗಾಜಿನ ಸಾಮಾನು ಒಡೆಯುವಂತೆ ದಾಖಲೆ ಸಾಗಿಸುವಾಗಲೂ ಕೆಲವು ಒಡೆಯುತ್ತವೆ. ಇಲ್ಲಿಯೇ ಹೆಚ್ಚು ಎಚ್ಚರ ಬೇಕು, ಏಕೆಂದರೆ ಒಡೆದ ಸದ್ದು ಕೇಳಿಸುವುದಿಲ್ಲ.

ಮುಖ್ಯವಾದದ್ದು ಹುಟ್ಟಿದ ದಿನಾಂಕ. ಡಿಬಿಎಫ್‌ನಲ್ಲಿ ದಿನಾಂಕಕ್ಕೆಂದೇ ಇರುವ ಬಗೆಯನ್ನು ಬಳಸಿದ್ದರೆ ಅದು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಎಂಟು ಅಂಕಿಗಳಾಗಿ ಭದ್ರವಾಗಿರುತ್ತದೆ. ಆದರೆ ಅದನ್ನು ಬರಿಯ ಅಕ್ಷರಗಳಾಗಿ ಬರೆದಿಟ್ಟವರೂ ಬಹಳ. ಆಗ 05/04/1988 ಎಂಬುದು ನಮಗೆ ಏಪ್ರಿಲ್ 5. ಅಮೆರಿಕದ ರೀತಿಗೆ ಹೊಂದಿಸಿದ ಯಂತ್ರಕ್ಕೆ ಮೇ 4. 25/04/1988 ಬಂದರೆ ಯಂತ್ರ ತಡವರಿಸುತ್ತದೆ, ತಪ್ಪು ಗೊತ್ತಾಗುತ್ತದೆ. ಆದರೆ ದಿನವೂ ತಿಂಗಳೂ 12ರೊಳಗಿದ್ದು ಒಂದಕ್ಕೊಂದು ಬೇರೆಯಾಗಿರುವ 132 ದಿನಗಳು ವರ್ಷದಲ್ಲಿವೆ. ಆ ದಿನಗಳಲ್ಲಿ ಹುಟ್ಟಿದವರ ತಾರೀಖು ಸದ್ದಿಲ್ಲದೆ ಬದಲಾಗಿಬಿಡುತ್ತದೆ. ಮುಂದೆ ಪಾಸ್‌ಪೋರ್ಟಿಗೋ ಕೆಲಸಕ್ಕೋ ನಕಲು ಪತ್ರ ಕೇಳಿ ಬಂದಾಗ ಎರಡು ದಾಖಲೆಗಳಲ್ಲಿ ಎರಡು ತಾರೀಖು! ಅದನ್ನು ಸರಿಪಡಿಸಿಕೊಳ್ಳಲು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕು ಎಂಬುದು ಅನುಭವಿಸಿದ ಪೋಷಕರಿಗೆ ಗೊತ್ತು.

ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರಂತೂ ಕೇಳುವುದೇ ಬೇಡ. ಹಳೆಯ ಫಾಕ್ಸ್‌ಪ್ರೊದಲ್ಲಿ ಶತಮಾನದ ಆಯ್ಕೆಯನ್ನು ಮರೆತಿದ್ದರೆ 2001ರಲ್ಲಿ ಹುಟ್ಟಿದ ಮಗು 1901ರದ್ದಾಗಿ ಕುಳಿತಿರುತ್ತದೆ. ಅತ್ತ ಇಂದಿನ ಎಕ್ಸೆಲ್, 1925ರಲ್ಲಿ ಹುಟ್ಟಿದ ಸಂಘದ ಸದಸ್ಯರ ‘25’ ಅನ್ನು 2025 ಎಂದು ತಿಳಿಯುತ್ತದೆ.

ಎರಡನೆಯದು, ಅಳಿಸಿದ ದಾಖಲೆಗಳ ಪುನರ್ಜನ್ಮ. ಫಾಕ್ಸ್‌ಪ್ರೊದಲ್ಲಿ ಒಂದು ಸಾಲನ್ನು ಅಳಿಸಿದರೆ ಅದು ಹೋಗುವುದಿಲ್ಲ. ಸಾಲಿನ ಮೊದಲಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೆ. ‘ಪ್ಯಾಕ್’ ಎಂಬ ಆಜ್ಞೆ ಕೊಟ್ಟಾಗಲೇ ಅದು ನಿಜವಾಗಿ ಹೋಗುವುದು. ಸಾಗಿಸುವ ತಂತ್ರಾಂಶ ಆ ನಕ್ಷತ್ರವನ್ನು ಗಮನಿಸದಿದ್ದರೆ, ಶುಲ್ಕ ತೀರಿಸಿದವನ ಹಳೆಯ ಬಾಕಿ ಮತ್ತೆ ಎದ್ದು ಬರುತ್ತದೆ.

ಮೂರನೆಯದು, ಮುಂದಿನ ಸೊನ್ನೆ. 004512 ಎಂಬ ದಾಖಲಾತಿ ಸಂಖ್ಯೆ ಎಕ್ಸೆಲ್ ಹೊಕ್ಕು ಹೊರಬಂದರೆ 4512 ಆಗಿರುತ್ತದೆ. ನಾಲ್ಕನೆಯದು, ಜೊತೆ ಫೈಲು. ಡಿಬಿಎಫ್ ಅನ್ನು ಮಾತ್ರ ನಕಲಿಸಿ ಎಫ್‌ಪಿಟಿಯನ್ನು ಬಿಟ್ಟರೆ ಷರಾ ಎಂಬ ಕಾಲಂ ಖಾಲಿ.

ಐದನೆಯದು ನಮ್ಮದೇ ತೊಡಕು, ಕನ್ನಡ. ಹಿಂದೆ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಕನ್ನಡ ತುಂಬುತ್ತಿದ್ದಾಗ ಯಂತ್ರದಲ್ಲಿ ಉಳಿಯುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಆಕಾರದ ತುಣುಕುಗಳ ಸಂಕೇತ. ಅಕ್ಷರಶೈಲಿ ಬದಲಾದರೆ ಪರದೆಯ ತುಂಬ ವಿಚಿತ್ರ ಚಿಹ್ನೆಗಳು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಫಾಕ್ಸ್‌ಪ್ರೊದ ಕೊನೆಯ ಆವೃತ್ತಿಗೂ ಯುನಿಕೋಡ್ ಸರಿಯಾಗಿ ಒಗ್ಗಲಿಲ್ಲ. ಹೆಸರುಗಳು ಕನ್ನಡದಲ್ಲೇ ಇರಬೇಕು, ಅಕಾರಾದಿಯಾಗಿ ಜೋಡಿಸಬೇಕು, ಹುಡುಕಬೇಕು ಎನ್ನುವವರಿಗೆ ವಲಸೆ ಹೋಗಲು ಇದೊಂದೇ ಕಾರಣ ಸಾಕು. ಸಂಕೇತಗಳನ್ನು ಬದಲಿಸುವ ಪರಿವರ್ತಕಗಳಿವೆ. ಆದರೆ ಅರ್ಕಾವೊತ್ತು, ಎರಡು ಒತ್ತಕ್ಷರ ಬರುವ ಪದಗಳನ್ನು ಕಣ್ಣಿಟ್ಟು ನೋಡಿ. ಮೂರ್ತಿ, ಕೀರ್ತಿ, ಲಕ್ಷ್ಮಿ ಎಂಬ ಹೆಸರುಗಳು ಸರಿಯಾಗಿ ಬಂದಿದ್ದರೆ ಅರ್ಧ ಪರೀಕ್ಷೆ ಗೆದ್ದಂತೆ.

ಇವೆಲ್ಲ ಸಣ್ಣ ಕಚೇರಿಗಳ ಪಾಡು ಎಂದು ತಿಳಿಯಬೇಡಿ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳಿಂದ ಬಂದ ಕೊರೋನಾ ವರದಿಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಫೈಲಿಗೆ ತುಂಬುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಉಳಿದದ್ದು ಕತ್ತರಿಸಿಹೋಯಿತು. ಸುಮಾರು 16,000 ಸೋಂಕಿತರ ವಿವರ ಹಲವು ದಿನ ಲೆಕ್ಕಕ್ಕೇ ಬರಲಿಲ್ಲ. ಅವರ ಸಂಪರ್ಕಕ್ಕೆ ಬಂದವರಿಗೆ ಸುದ್ದಿ ಮುಟ್ಟುವುದೂ ತಡವಾಯಿತು.

ತಾಳೆ ನೋಡಿ, ಜೊತೆಯಲ್ಲಿ ನಡೆಸಿ

ಅಂಗಡಿ ಬಾಗಿಲು ಹಾಕುವ ಮುನ್ನ ರೋಕಡ ತಾಳೆ ನೋಡುತ್ತಾರಲ್ಲ, ಇಲ್ಲಿಯೂ ಅದೇ ಕ್ರಮ. ಹಳೆಯದರಲ್ಲಿ ಎಷ್ಟು ಸಾಲು, ಹೊಸದರಲ್ಲಿ ಎಷ್ಟು ಸಾಲು? ಶುಲ್ಕದ ಕಾಲಮಿನ ಒಟ್ಟು ಮೊತ್ತ ಎರಡರಲ್ಲೂ ಒಂದೇ ಇದೆಯೇ? ಅತಿ ಹಳೆಯ ತಾರೀಖು ಯಾವುದು, ಅತಿ ಹೊಸದು ಯಾವುದು? ಕೊನೆಗೆ ಐವತ್ತು ಹೆಸರುಗಳನ್ನು ಕಣ್ಣುಮುಚ್ಚಿ ಆರಿಸಿ ಕಾಗದದ ದಾಖಲಾತಿ ರಿಜಿಸ್ಟರಿನೊಂದಿಗೆ ಹೋಲಿಸಿ. ಯಂತ್ರ ಏನೇ ಹೇಳಲಿ, ಕೊನೆಯ ಸಾಕ್ಷಿ ಆ ರಿಜಿಸ್ಟರೇ.

ಹೊಸದು ಸಿದ್ಧವಾಯಿತೆಂದು ಹಳೆಯದನ್ನು ಅಂದೇ ಮುಚ್ಚಬೇಡಿ. ಕನಿಷ್ಠ ಒಂದು ಪೂರ್ತಿ ಸುತ್ತು, ಅಂದರೆ ಅಂಗಡಿಯಲ್ಲಿ ಒಂದು ತಿಂಗಳು, ಶಾಲೆಯಲ್ಲಿ ಒಂದು ಪರೀಕ್ಷೆಯವರೆಗೆ ಎರಡನ್ನೂ ಜೊತೆಯಲ್ಲಿ ನಡೆಸಿ. ಗುಮಾಸ್ತರಿಗೆ ಇಮ್ಮಡಿ ಕೆಲಸವೆಂಬುದು ನಿಜ. ಆದರೆ ಹಳೆಯ ಪ್ರೋಗ್ರಾಮು ಮಾಡುತ್ತಿದ್ದ, ಯಾರೂ ಬರೆದಿಡದ ಸೂಕ್ಷ್ಮಗಳು ಹೊರಬೀಳುವುದು ಆಗಲೇ: ಐವತ್ತು ಪೈಸೆಯನ್ನು ಯಾವ ಕಡೆಗೆ ಸರಿಹೊಂದಿಸುತ್ತಿತ್ತು, ಅಣ್ಣ ತಮ್ಮ ಒಂದೇ ಶಾಲೆಯಲ್ಲಿದ್ದರೆ ಶುಲ್ಕದಲ್ಲಿ ಎಷ್ಟು ಬಿಡುತ್ತಿತ್ತು ಇತ್ಯಾದಿ.

ವಿದ್ಯಾರ್ಥಿಗಳಿಗೆ, ಪೋಷಕರಿಗೆ

ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರೇ, ಎಲ್ಲರೂ ಮಾಡುವ ಗ್ರಂಥಾಲಯ ನಿರ್ವಹಣೆಯನ್ನೇ ಮತ್ತೆ ಮಾಡುವ ಬದಲು ಇಂಥದೊಂದು ನಿಜವಾದ ವಲಸೆಯನ್ನು ಕೈಗೆತ್ತಿಕೊಳ್ಳಿ. ಮೂಲ ಫೈಲಿನ ಮೇಲೆ ಎಂದೂ ಕೆಲಸ ಮಾಡಬೇಡಿ, ನಕಲಿನ ಮೇಲೆ ಮಾಡಿ. ಮೊದಲ ವಾರ ಕೀಲಿಮಣೆ ಮುಟ್ಟದೆ, ಆ ಪ್ರೋಗ್ರಾಮನ್ನು ದಿನವೂ ಬಳಸುವವರ ಪಕ್ಕ ಕುಳಿತು ಅವರು ಮಾಡುವುದನ್ನು ಬರೆದುಕೊಳ್ಳಿ. ಉಚಿತವಾಗಿ ಪರಿವರ್ತಿಸಿಕೊಡುತ್ತೇವೆನ್ನುವ ಅಪರಿಚಿತ ಜಾಲತಾಣಗಳಿಗೆ ಮಕ್ಕಳ ವಿವರಗಳನ್ನು ಏರಿಸಬೇಡಿ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ನಮ್ಮ ದೇಶದಲ್ಲಿ 2023ರಲ್ಲಿ ಕಾನೂನೇ ಆಗಿದೆ.

ಪೋಷಕರು ಕೇಳುವ ಇನ್ನೊಂದು ಪ್ರಶ್ನೆ: ‘ನಾವು ಕಲಿತ ಫಾಕ್ಸ್‌ಪ್ರೊ ಹೋಯಿತು, ಮಕ್ಕಳು ಈಗ ಕಲಿಯುವುದೂ ಹೀಗೆಯೇ ಹೋದರೆ?’ ತಂತ್ರಾಂಶದ ಹೆಸರು ಹೋಗುತ್ತದೆ, ನಿಜ. ಆದರೆ ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಕೋಷ್ಟಕಗಳ ಸಿದ್ಧಾಂತ ಇಂದಿಗೂ ನಡೆಯುತ್ತಿದೆ. ದಾಖಲೆಗಳನ್ನು ಕೋಷ್ಟಕಗಳಾಗಿ ವಿಂಗಡಿಸುವುದು, ಪ್ರತಿ ಸಾಲಿಗೂ ಗುರುತಿನ ಸಂಖ್ಯೆ ಕೊಡುವುದು, ಒಂದೇ ವಿಷಯವನ್ನು ಎರಡು ಕಡೆ ಬರೆಯದಿರುವುದು, ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಕೇಳುವುದು: ಇವನ್ನು ಕಲಿತವರು ಯಾವ ತಂತ್ರಾಂಶಕ್ಕೂ ಬೇಗ ಒಗ್ಗಿಕೊಳ್ಳುತ್ತಾರೆ. ತರಬೇತಿಗೆ ಸೇರಿಸುವಾಗ ಯಾವ ಪ್ಯಾಕೇಜು ಹೇಳಿಕೊಡುತ್ತಾರೆ ಎನ್ನುವುದಕ್ಕಿಂತ ಇವನ್ನು ಹೇಳಿಕೊಡುತ್ತಾರೆಯೇ ಎಂದು ವಿಚಾರಿಸಿ.

ರಿಪೇರಿಯೋ ವಲಸೆಯೋ ಎಂಬ ತೀರ್ಮಾನಕ್ಕೆ ಬರಲು ಒಂದೆರಡು ತಿಂಗಳು ಹಿಡಿದರೂ ಚಿಂತೆಯಿಲ್ಲ. ಆದರೆ ನಕಲು ಮಾಡುವ ಕೆಲಸವನ್ನು ಮುಂದೂಡಬೇಡಿ. ಹಳೆಯ ಯಂತ್ರದ ಡಿಸ್ಕು ನಿಮ್ಮ ತೀರ್ಮಾನಕ್ಕಾಗಿ ಕಾಯುವುದಿಲ್ಲ.